ಉದ್ದರಿ ಖಾತೆ ಮತ್ತು ದಾಸೋಹದ ಕಣಜ
(ಜಾತ್ರಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ನಾನು ಪಂಡಿತನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ತಂದೆಯವರ ಕಿರಾಣಿ ಅಂಗಡಿಯಲ್ಲಿ ಕುಳಿತವನು. ತಕ್ಕಡಿಯ ಮುಂದೆ ಕಂಡದ್ದನ್ನೂ ಹಿರಿಯರಿಂದ ಕೇಳಿದ್ದನ್ನೂ ನಾಲ್ಕು ಮಾತಿನಲ್ಲಿ ಅರಿಕೆ ಮಾಡುತ್ತೇನೆ.

1956ರ ನವೆಂಬರ್ 1ಕ್ಕಿಂತ ಮೊದಲು ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಗಡಿ ಬದಲಾಯಿತು, ಊಟ ಬದಲಾಗಲಿಲ್ಲ. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯ. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. 1972ರ ಬರದ ಮಾತು ಬಂದರೆ ನಮ್ಮ ತಂದೆಯವರು ದನಿ ತಗ್ಗಿಸುತ್ತಿದ್ದರು. ಅಂಬಲಿಯಲ್ಲಿ ನುಚ್ಚಿಗಿಂತ ನೀರೇ ಹೆಚ್ಚು. ಗಲ್ಲೆಯಲ್ಲಿ ನಗದಿಲ್ಲ, ಉದ್ದರಿ ಖಾತೆ ಮಾತ್ರ ತುಂಬಿತ್ತು. 'ಸುಗ್ಗಿಗೆ ಕೊಡುತ್ತೇನೆ' ಎಂಬ ಮಾತೇ ಕಾಗದಪತ್ರ. ಒಂದು ಮನೆಯ ಒಲೆ ಹೊಗೆಯಾಡದಿದ್ದರೆ ಪಕ್ಕದ ಮನೆಗೆ ಗೊತ್ತಾಗುತ್ತಿತ್ತು.

ಹಾಗೆಂದು ಹಿಂದಿನದೆಲ್ಲ ಬಂಗಾರವೆಂದು ನಾನು ಹೇಳಲಾರೆ. ಹೆಣ್ಣುಮಕ್ಕಳು ಕೊನೆಗೆ, ಉಳಿದರೆ ಉಣ್ಣುತ್ತಿದ್ದರು. ಪಂಕ್ತಿಯಲ್ಲಿ ಕೆಲವರಿಗೆ ಜಾಗವೇ ಇರಲಿಲ್ಲ. ಬಡ್ಡಿಗೆ ಹೊಲ ಕಳೆದುಕೊಂಡವರೂ ಇದ್ದರು.

1983ರಲ್ಲಿ ಎನ್.ಟಿ. ರಾಮರಾವ್ ಸರಕಾರದ ಎರಡು ರೂಪಾಯಿ ಕಿಲೋ ಅಕ್ಕಿ ಬಂತು. ಈಗ ಪಡಿತರದ ಅಕ್ಕಿಗೆ ಬೆಲೆಯೇ ಇಲ್ಲ. ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಕಾರ್ಖಾನೆ ಇದೆ. ತಾಂಡೂರಿನ ಕಲ್ಲು ಎಲ್ಲೆಲ್ಲಿಯೋ ಮನೆಗಳ ನೆಲವಾಗಿದೆ. ಅಲ್ಲಿಯ ತೊಗರಿಗೆ 2022ರಲ್ಲಿ ಜಿ.ಐ. ಮಾನ್ಯತೆ ದೊರೆಯಿತು. ಇದೆಲ್ಲ ಸಂತೋಷವೇ. ಆದರೂ ನಾರಾಯಣಖೇಡದ ಕಡೆಯ ತಾಂಡಾಗಳಿಂದ ಕಬ್ಬು ಕಡಿಯಲು ಗುಳೆ ಹೋಗುವುದು ನಿಂತಿಲ್ಲ. 2020ರ ಲಾಕ್‌ಡೌನಿನಲ್ಲಿ ಕೂಲಿಕಾರರು ಹೆದ್ದಾರಿ ಹಿಡಿದು ನಡೆದದ್ದನ್ನು ಯಾರು ಮರೆತಾರು? ಇಂದಿನ ಸಾಲ ಮೊಬೈಲಿನೊಳಗೆ ಇರುತ್ತದೆ. ಗ್ಯಾಸಿನ ಒಲೆಗೆ ಹೊಗೆಯಿಲ್ಲ. ಪಕ್ಕದ ಮನೆಯ ಕಷ್ಟ ನಮಗೆ ಕಾಣುವುದೂ ಇಲ್ಲ.

ಹಾದಿ ತೋರಿದವರು ನಮ್ಮ ಹತ್ತಿರವೇ ಇದ್ದಾರೆ. ಜಹೀರಾಬಾದಿನ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಮಹಿಳೆಯರು, ಬಹುಪಾಲು ದಲಿತ ತಾಯಂದಿರು, 1990ರ ದಶಕದಲ್ಲಿ ಬೀಳು ಹೊಲಗಳಲ್ಲಿ ಜೋಳ ಬೆಳೆಸಿದರು, ಊರಲ್ಲೇ ಕೂಡಿಟ್ಟರು, ಬಡವರಿಗೆ ಕಡಿಮೆ ಬೆಲೆಗೆ ಹಂಚಿದರು. ಯಾರು ಬಡವರೆಂಬುದನ್ನು ಊರವರೇ ಕೂಡಿ ನಿರ್ಣಯಿಸಿದರು. 2019ರಲ್ಲಿ ಆ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು.

ಆದ್ದರಿಂದ ಟ್ರಸ್ಟಿಗಳಲ್ಲೂ ತಮ್ಮಲ್ಲೂ ನನ್ನದೊಂದು ವಿನಂತಿ. ಜಾತ್ರೆಯ ದಾಸೋಹ ಮುಗಿದ ಮೇಲೆ ನಮ್ಮ ಉಗ್ರಾಣಕ್ಕೆ ಬೀಗ ಬೀಳುತ್ತದೆ. ಬೀಗ ಬೇಡ. ವಿದ್ಯುದ್ದೀಪದ ಖರ್ಚು ಸ್ವಲ್ಪ ಇಳಿಸಿ, ಮನೆಗೊಂದು ಸೇರು ಜೋಳ ಕೂಡಿಸೋಣ. ಕಷ್ಟವಿದ್ದವರು, ಯಾವ ಜಾತಿಯವರೇ ಆಗಲಿ, ಒಯ್ಯಲಿ. ಸುಗ್ಗಿಗೆ ಬಡ್ಡಿಯಿಲ್ಲದೆ ಅಳೆದು ಕೊಡಲಿ. ಕೊಡಲಾಗದಿದ್ದರೆ ಮುಂದಿನ ಸುಗ್ಗಿಗೆ. ಕೊಟ್ಟವರ ಹೆಸರನ್ನು ಬೇಕಾದರೆ ತಾಂಡೂರು ಕಲ್ಲಿನಲ್ಲಿ ಕೆತ್ತಿಸೋಣ. ಒಯ್ದವರ ಹೆಸರು ಮಾತ್ರ ಖಾತೆಯಿಂದ ಹೊರಗೆ ಬರಬಾರದು, ಮೈಕಿನಲ್ಲಿ ಕೇಳಬಾರದು. ಬಸವಣ್ಣನವರ ಹೆಸರು ಹೇಳುವ ನಮಗೆ ಇಷ್ಟಾದರೂ ಸಾಧ್ಯವಾಗಬೇಕು.

ಝರಾಸಂಗದ ಕೇತಕಿ ಸಂಗಮೇಶ್ವರನು ಸಕಾಲಕ್ಕೆ ಮಳೆ ಬೆಳೆ ಕೊಟ್ಟು ಸರ್ವರನ್ನೂ ಕಾಪಾಡಲಿ.