ಬೇಸಿಗೆಯ ಬೇನೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಉತ್ಸವದ ದಿನ ವಾಂತಿಭೇದಿಯ ಮಾತೆತ್ತುವುದು ಉಚಿತವೇ ಎಂದು ಕೆಲವರಿಗೆ ಅನ್ನಿಸೀತು. ಸಾಹಿತ್ಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ವೇದಿಕೆಯ ಮೇಲಿದ್ದಾರೆ. ಜತ್ತ, ಅಕ್ಕಲಕೋಟೆಗಳ ಕಡೆ ಬಾವಿಗಳ ತಳ ಕಂಡು, ಟ್ಯಾಂಕರಿನ ಮುಂದೆ ಕೊಡಗಳು ಸಾಲುಗಟ್ಟಿದಾಗ ಈ ಬೇನೆ ಕರೆಯದೆ ಬರುತ್ತದೆ. ಹಿಂದೆ ಪಂಢರಪುರದ ಯಾತ್ರೆಯಿಂದ ಮರಳಿದವರೊಡನೆ ಪಟಕಿಯೂ ಊರಿಗೆ ಬರುತ್ತಿದ್ದಿತು. ಹಿರಿಯರು ಅಮ್ಮನನ್ನು ಮೆರೆಸಿ ಸೀಮೆಯಾಚೆ ಕಳುಹಿಸಿಬರುತ್ತಿದ್ದರು. ಸೀಮೆಯಾಚೆಯೂ ಒಂದು ಊರಿತ್ತೆಂಬುದು ಬೇರೆಯ ಮಾತು.

ನಾನು ಎಂಟು ವರ್ಷದವನಿದ್ದಾಗ ನನ್ನ ತಮ್ಮ ಈ ಬೇನೆಯಿಂದ ತೀರಿಕೊಂಡ. ಎರಡು ದಿನ ನೀರು ಬೇಡಿದ. ಕುಡಿಸಿದರೆ ಹೊಟ್ಟೆ ಇನ್ನಷ್ಟು ಹೋದೀತೆಂದು ಅವ್ವ ಕೊಡಲಿಲ್ಲ. ಒದ್ದೆಯ ಬಟ್ಟೆಯಿಂದ ಅವನ ತುಟಿಯನ್ನಷ್ಟೇ ಒರೆಸುತ್ತ ಕುಳಿತಳು. ಆಕೆಯ ಮಮತೆಯಲ್ಲಿ ಕೊರತೆಯಿರಲಿಲ್ಲ. ಊರಿನ ತಿಳಿವಳಿಕೆಯೇ ಹಾಗಿತ್ತು.

ಭೇದಿಯಲ್ಲಿ ಜೀವ ತೆಗೆಯುವುದು ಬಹುಮಟ್ಟಿಗೆ ನೀರು ಮತ್ತು ಲವಣಗಳ ನಷ್ಟ. ಕರುಳು ಬೇನೆಯಲ್ಲಿದ್ದರೂ, ಸಕ್ಕರೆ ಜೊತೆಗಿದ್ದರೆ ಉಪ್ಪನ್ನು ಹೀರಿಕೊಳ್ಳುತ್ತದೆ. ಉಪ್ಪಿನ ಹಿಂದೆ ನೀರೂ ಮೈಗೆ ಸೇರುತ್ತದೆ. 1971ರಲ್ಲಿ ಬಂಗಾಳದ ಬೊಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸೂಜಿಯಿಂದ ಏರಿಸುವ ದ್ರವ ಮುಗಿದುಹೋದಾಗ, ಡಾ. ದಿಲೀಪ ಮಹಲನಬೀಸರು ಸಕ್ಕರೆ, ಉಪ್ಪು, ಸೋಡಾಗಳನ್ನು ನೀರಿನಲ್ಲಿ ಕದಡಿ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ಅವರು ತೀರಿಕೊಂಡರು. ನಮ್ಮ ಸಭೆಗಳಲ್ಲಿ ಅವರ ಹೆಸರು ಕೇಳಿಬರುವುದು ಅಪರೂಪ.

ಔಷಧದಂಗಡಿಯ ಓ.ಆರ್.ಎಸ್. ಪೊಟ್ಟಣ ಇದೇ. ಅದು ಸಿಕ್ಕದಿದ್ದರೆ ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಸಪಾಟಾಗಿ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ; ಕೈಯಂದಾಜು ಬೇಡ. ವಾಂತಿಯಾದರೆ ಹತ್ತು ನಿಮಿಷ ತಡೆದು, ಮತ್ತೆ ಚಮಚದಿಂದ ನಿಧಾನವಾಗಿ ಕುಡಿಸಬೇಕು. ಎದೆಹಾಲನ್ನು ನಿಲ್ಲಿಸಬಾರದು, ಗಂಜಿ ಅನ್ನಗಳನ್ನೂ ನಿಲ್ಲಿಸಬಾರದು. ವೈದ್ಯರು ಮಕ್ಕಳಿಗೆ ಸತುವಿನ ಗುಳಿಗೆ ಬರೆದುಕೊಟ್ಟರೆ, ಭೇದಿ ನಿಂತ ಮೇಲೂ ಹೇಳಿದಷ್ಟು ದಿನ ಕೊಡಬೇಕು.

ಕಣ್ಣು ಗುಳಿಬಿದ್ದರೆ, ಚಿವುಟಿದ ಚರ್ಮ ತಟ್ಟನೆ ಹಿಂದಕ್ಕೆ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಕುಡಿಯಲಾರದೆ ಮಂಕಾದರೆ, ದವಾಖಾನೆಗೆ ಒಯ್ಯುವುದರಲ್ಲಿ ತಡ ಸಲ್ಲದು. ದಾರಿಯಲ್ಲಿಯೂ ಅದು ನುಂಗಬಲ್ಲಷ್ಟು ಕುಡಿಸುತ್ತಿರಬೇಕು. ಅಲ್ಲಿ ವೈದ್ಯರು ಮರಾಠಿಯಲ್ಲಿ ಕೇಳಿದರೆಂದು ನಮ್ಮ ಹೆಣ್ಣುಮಕ್ಕಳು ತಲೆತಗ್ಗಿಸಿ ಸುಮ್ಮನಿರುವುದನ್ನು ಕಂಡಿದ್ದೇನೆ. ಜುಲಾಬೆಂದರೂ ಸರಿ, ಭೇದಿಯೆಂದರೂ ಸರಿ. ಎಷ್ಟು ಸಲವಾಯಿತು, ಮೂತ್ರವಾಗಿ ಎಷ್ಟು ಹೊತ್ತಾಯಿತು ಎಂಬ ಎರಡು ಸಂಗತಿಗಳನ್ನು ಹೇಳಲೇಬೇಕು. ಸಂಘದ ತರುಣರು ಜೊತೆಗೆ ಹೋಗಿ ಮಾತು ತಿಳಿಸಿಕೊಟ್ಟರೆ ಅದೂ ಕನ್ನಡದ ಕೆಲಸವೇ.

ಮುಂದೆ ನನ್ನ ಮಗನಿಗೂ ಇದೇ ಬೇನೆ ಬಂದಿತು. ಊರಿನ ದಾದಿಯಿಂದ ಕಲಿತಿದ್ದ ಅವ್ವ ತಾನೇ ಸಕ್ಕರೆ ಉಪ್ಪುಗಳನ್ನು ಅಳೆದಳು. ಯಾರಿಗೂ ಚಮಚ ಕೊಡದೆ ಇರುಳೆಲ್ಲ ಕುಡಿಸಿದಳು. ಬೆಳಗಿನ ಜಾವಕ್ಕೆ ಮಗು ಹಾಸಿಗೆ ಒದ್ದೆ ಮಾಡಿತು. ಅವ್ವ ಆ ಒದ್ದೆಯ ಕೌದಿಯನ್ನು ಎತ್ತಿಕೊಂಡು ಬಂದು ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದಳು.