ಹಳೆಯ ಬಾಕಿ, ಹೊಸ ಪುಸ್ತಕ



ಮೇ ತಿಂಗಳ ಕೊನೆಯ ವಾರ ಬಂತೆಂದರೆ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಪುಸ್ತಕದಂಗಡಿಗಳ ಮುಂದೆ ಜನ ಸೇರುತ್ತಾರೆ. ನೋಟ್ ಪುಸ್ತಕ, ಜಾಮಿಟ್ರಿ ಬಾಕ್ಸು, ಬೈಂಡು ಹಾಕಲು ಕಂದು ಕಾಗದ, ಹೆಸರು ಬರೆಯಲು ಲೇಬಲ್ಲು, ಹೀಗೆ ಎಲ್ಲವೂ ಮನೆಗೆ ಬರುತ್ತವೆ. ಅದೇ ವಾರದಲ್ಲಿ ಹೋದ ವರ್ಷದ ಪುಸ್ತಕಗಳು ಕಟ್ಟಾಗಿ ಹಳೇ ಪೇಪರ್ ಅಂಗಡಿಗೆ ಹೋಗುತ್ತವೆ. ಹೊಸದನ್ನು ತರುವುದು ಸರಿ. ಆದರೆ ಹಳೆಯದನ್ನು ಇಷ್ಟು ಬೇಗ ಕಳುಹಿಸಿಬಿಡುವುದು ಸರಿಯೇ? ಪ್ರೌಢಶಾಲೆಯ ವರ್ಷವನ್ನು ಅಚ್ಚುಕಟ್ಟಾಗಿ ಆರಂಭಿಸುವುದು ಹೇಗೆ ಎಂಬ ವಿಷಯವನ್ನು ನಾವು ಈ ಪ್ರಶ್ನೆಯಿಂದಲೇ ಪ್ರಾರಂಭಿಸೋಣ.

ನಿಮ್ಮ ಬೀದಿಯ ದಿನಸಿ ಅಂಗಡಿಯವರು ಲೆಕ್ಕದ ಹೊಸ ಪುಸ್ತಕ ತೆರೆಯುವಾಗ ಮೊದಲು ಏನು ಬರೆಯುತ್ತಾರೆ ಎಂದು ನೋಡಿ. ಹಳೆಯ ಪುಸ್ತಕದಲ್ಲಿ ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಪುಸ್ತಕ ಹೊಸದಾಯಿತೆಂದು ಬಾಕಿ ತೀರಿಹೋಗುವುದಿಲ್ಲ. ಓದಿನಲ್ಲಿಯೂ ಇದೇ ನಿಯಮ. ಒಂಬತ್ತನೇ ತರಗತಿಯಲ್ಲಿ ಅರ್ಥವಾಗದೆ ಉಳಿದದ್ದು ಹತ್ತನೇ ತರಗತಿಯಲ್ಲಿ ಬೇರೊಂದು ಹೆಸರಿನಲ್ಲಿ ಎದುರಿಗೆ ಬಂದು ನಿಲ್ಲುತ್ತದೆ.

ಒಂದೆರಡು ಉದಾಹರಣೆಗಳನ್ನು ನೋಡೋಣ. ಹತ್ತನೇ ತರಗತಿಯ ವಿಜ್ಞಾನದಲ್ಲಿ ರಾಸಾಯನಿಕ ಸಮೀಕರಣಗಳನ್ನು ಸರಿದೂಗಿಸುವ ಪಾಠವಿದೆ. ಮೆಗ್ನೀಸಿಯಂ ಕ್ಲೋರೈಡಿನಲ್ಲಿ ಒಂದು ಮೆಗ್ನೀಸಿಯಂಗೆ ಎರಡು ಕ್ಲೋರಿನ್ ಏಕೆ ಎಂಬುದು ತಿಳಿಯದಿದ್ದರೆ ಆ ಪಾಠ ಬರಿಯ ಬಾಯಿಪಾಠವಾಗುತ್ತದೆ. ಅದಕ್ಕೆ ಉತ್ತರವಿರುವುದು ಒಂಬತ್ತನೇ ತರಗತಿಯಲ್ಲಿ ಓದಿದ ವೇಲೆನ್ಸಿಯಲ್ಲಿ. ಗಣಿತದಲ್ಲಿ ಅರ್ಧಕ್ಕೆ ಮೂರನೇ ಒಂದು ಭಾಗವನ್ನು ಕೂಡಿಸಿದರೆ ಆರರಲ್ಲಿ ಐದು ಭಾಗ ಬರಬೇಕು. ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿ ಐದರಲ್ಲಿ ಎರಡು ಎಂದು ಬರೆಯುವ ವಿದ್ಯಾರ್ಥಿ ವರ್ಗ ಸಮೀಕರಣದ ಪಾಠದಲ್ಲಿ ಎಡವುತ್ತಾನೆ. ಮನೆಯವರು ಅವನಿಗೆ ಹತ್ತನೇ ತರಗತಿಯ ಗಣಿತ ಕಷ್ಟ ಎನ್ನುತ್ತಾರೆ. ನಿಜವಾಗಿ ಕಷ್ಟವಾಗಿರುವುದು ಮೂರು ನಾಲ್ಕು ವರ್ಷ ಹಿಂದಿನ ಭಿನ್ನರಾಶಿ! ರೋಗ ಒಂದು ಕಡೆ, ಔಷಧಿ ಇನ್ನೊಂದು ಕಡೆ ಆದರೆ ಟ್ಯೂಷನ್ನಿಗೆ ಎಷ್ಟು ಹಣ ಸುರಿದರೂ ಗುಣವಾಗುವುದಿಲ್ಲ.

ನಮ್ಮ ರಾಜ್ಯದ ಶಾಲೆಗಳಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ ಇದೆ. ಅದರ ಹೆಸರು ಸೇತುಬಂಧ. ಶಾಲೆ ಆರಂಭವಾದ ಮೊದಲ ದಿನಗಳಲ್ಲಿ ಹಿಂದಿನ ತರಗತಿಯ ಕಲಿಕೆಯ ಬಗ್ಗೆ ಒಂದು ನೈದಾನಿಕ ಪರೀಕ್ಷೆ ಮಾಡುತ್ತಾರೆ. ಎಲ್ಲಿ ಕೊರತೆ ಇದೆ ಎಂದು ಕಂಡುಕೊಂಡು ಆ ಭಾಗವನ್ನು ಮತ್ತೆ ಕಲಿಸುತ್ತಾರೆ. ಕೊನೆಯಲ್ಲಿ ಸಾಫಲ್ಯ ಪರೀಕ್ಷೆ ನಡೆಯುತ್ತದೆ. ಉದ್ದೇಶ ಬಹಳ ಒಳ್ಳೆಯದು. ಆದರೆ ಈ ಪರೀಕ್ಷೆಯ ಅಂಕ ಎಲ್ಲಿಯೂ ಸೇರುವುದಿಲ್ಲ ಎಂದು ತಿಳಿದ ಕೂಡಲೇ ಅನೇಕರು ಅದನ್ನು ತಮಾಷೆಯಾಗಿ ತೆಗೆದುಕೊಳ್ಳುತ್ತಾರೆ. ಪಕ್ಕದವರದನ್ನು ನೋಡಿ ಬರೆದು ಕೊಟ್ಟುಬಿಡುತ್ತಾರೆ. ಮಿತ್ರರೇ, ಇದು ವೈದ್ಯರಿಗೆ ಬೇರೆಯವರ ರಕ್ತ ಕೊಟ್ಟು ನಮ್ಮ ಕಾಯಿಲೆ ಪತ್ತೆ ಮಾಡಿ ಎಂದ ಹಾಗೆ. ವರ್ಷದ ಎಲ್ಲ ಪರೀಕ್ಷೆಗಳಲ್ಲಿ ತಪ್ಪು ಉತ್ತರದಿಂದ ಲಾಭವಾಗುವ ಪರೀಕ್ಷೆ ಇದೊಂದೇ. ದಯವಿಟ್ಟು ನಿಮ್ಮ ತಪ್ಪನ್ನು ನೀವೇ ಬರೆಯಿರಿ.

ನಿಮ್ಮ ಶಾಲೆಯಲ್ಲಿ ಇಂಥ ಪರೀಕ್ಷೆ ಇಲ್ಲದಿದ್ದರೆ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಹಳೆಯ ಪಠ್ಯಪುಸ್ತಕವನ್ನು ದಸರಾ ರಜೆಯವರೆಗೆ ಮಾರಬೇಡಿ. ತಮ್ಮನಿಗೋ ತಂಗಿಗೋ ಕೊಡಬೇಕಾಗಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಅಂತರಜಾಲ ತಾಣದಿಂದ ಅದನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಒಂದೊಂದು ಪಾಠದ ಅಭ್ಯಾಸದಿಂದ ಎರಡೆರಡು ಪ್ರಶ್ನೆ ಆರಿಸಿಕೊಂಡು ಪುಸ್ತಕ ಮುಚ್ಚಿ ಉತ್ತರಿಸಿ. ಆಮೇಲೆ ಒಂದು ಹಾಳೆಯಲ್ಲಿ ಮೂರು ಕಲಂ ಎಳೆಯಿರಿ: ಬರುತ್ತದೆ, ಸಂಶಯವಿದೆ, ಬರುವುದಿಲ್ಲ. ಪಾಠಗಳ ಹೆಸರನ್ನು ಅದರಲ್ಲಿ ಬರೆಯಿರಿ. ಈ ಒಂದು ಹಾಳೆಯನ್ನು ಹೊಸ ನೋಟ್ ಪುಸ್ತಕದ ಮೊದಲ ಪುಟದಲ್ಲಿ ಅಂಟಿಸಿದರೆ ನಿಮ್ಮ ಬಾಕಿಯ ಪಟ್ಟಿ ಸಿದ್ಧವಾಯಿತು.

ಈಗ ಬಾಕಿ ತೀರಿಸಲು ಸಮಯ ಎಲ್ಲಿದೆ ಎಂದು ನೀವು ಕೇಳಬಹುದು. ಲೆಕ್ಕ ಹಾಕೋಣ. ವಾರಕ್ಕೆ 168 ಗಂಟೆ. ದಿನಕ್ಕೆ 8 ಗಂಟೆಯಂತೆ ನಿದ್ರೆಗೆ 56. ಶಾಲೆಗೆ ಸುಮಾರು 40. ಬಿ.ಟಿ.ಎಂ. ಬಡಾವಣೆಯಿಂದ ಜಯನಗರಕ್ಕೆ ಬಸ್ಸಿನಲ್ಲೋ ಮೆಟ್ರೋದಲ್ಲೋ ಬರುವವರಿಗೆ ಓಡಾಟಕ್ಕೆ 6. ಸ್ನಾನ, ಊಟ, ಮನೆಗೆಲಸಕ್ಕೆ ದಿನಕ್ಕೆ 3 ಗಂಟೆಯಂತೆ 21. ಒಟ್ಟು 123 ಆಯಿತು. ಉಳಿದದ್ದು 45 ಗಂಟೆ. ಟ್ಯೂಷನ್, ಆಟ, ಟಿ.ವಿ., ಮೊಬೈಲು ಎಲ್ಲವೂ ಇದರಲ್ಲೇ ಬರಬೇಕು. ನಿಮ್ಮ ಮನೆಯ ಲೆಕ್ಕ ಬೇರೆಯಾಗಿರಬಹುದು. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಮನೆಯಲ್ಲಿ ಹೆಣ್ಣುಮಗಳೇ ನೀರು ಹಿಡಿದು ಅನ್ನಕ್ಕಿಡಬೇಕಾಗುತ್ತದೆ. ಅಂಥವರು ಬೇರೆಯವರ ವೇಳಾಪಟ್ಟಿಯನ್ನು ನಕಲು ಮಾಡಿದರೆ ಮೂರನೇ ದಿನವೇ ಅದು ಮುರಿದುಬೀಳುತ್ತದೆ. ನಿಮ್ಮ ದಿನ ನಿಜವಾಗಿ ಹೇಗೆ ಸಾಗುತ್ತದೆಯೋ ಹಾಗೆಯೇ ಒಂದು ವಾರ ಬರೆದಿಡಿ. ಅದರಲ್ಲಿ ಸಿಕ್ಕಿದ ಜಾಗದಲ್ಲಿ ದಿನಕ್ಕೆ ಅರ್ಧ ಗಂಟೆಯನ್ನು ಹಳೆಯ ಬಾಕಿಗೆ ಮೀಸಲಿಡಿ. ವಾರದಲ್ಲಿ ಆರು ದಿನವಾದರೆ 3 ಗಂಟೆ. ಜೂನ್‌ನಿಂದ ದಸರಾವರೆಗೆ 16 ವಾರ ಹಿಡಿದರೆ 48 ಗಂಟೆ. ಕ್ರಮವಾಗಿ ಕುಳಿತರೆ ಒಂದು ವಿಷಯದ ಮುಖ್ಯ ಕೊರತೆಗಳನ್ನು ತುಂಬಿಕೊಳ್ಳಲು ಇದು ಸಣ್ಣ ಅವಧಿಯೇನಲ್ಲ.

ಹೊಸ ಪಾಠಗಳು ಮತ್ತೆ ಬಾಕಿಯಾಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ತಮ್ಮ ಮೇಲೆಯೇ ಪ್ರಯೋಗ ನಡೆಸಿದರು. 1885ರಲ್ಲಿ ಪ್ರಕಟವಾದ ಅವರ ಫಲಿತಾಂಶ ಇಷ್ಟು: ಕಲಿತ ಮೊದಲ ಕೆಲವು ಗಂಟೆಗಳಲ್ಲಿ ಮರೆವು ಬಹಳ ವೇಗವಾಗಿರುತ್ತದೆ, ಅನಂತರ ನಿಧಾನವಾಗುತ್ತದೆ. ಅರ್ಥ ತಿಳಿದು ಕಲಿತದ್ದು ಇದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ ನಿಜ. ಆದರೂ ಬೆಳಿಗ್ಗೆ ಕೇಳಿದ ಪಾಠವನ್ನು ಅದೇ ಸಂಜೆ ಹತ್ತು ನಿಮಿಷ ನೆನಪಿಸಿಕೊಳ್ಳುವುದು ಲೇಸು. ವಾರದ ಕೊನೆಯಲ್ಲಿ ಒಮ್ಮೆ, ತಿಂಗಳ ಕೊನೆಯಲ್ಲಿ ಮತ್ತೊಮ್ಮೆ ಹೀಗೆ ಮಾಡಿ. ನೆನಪಿಸಿಕೊಳ್ಳುವುದೆಂದರೆ ಪುಸ್ತಕವನ್ನು ಮತ್ತೆ ಓದುವುದಲ್ಲ. ಪುಸ್ತಕ ಮುಚ್ಚಿ, ತಿಳಿದದ್ದನ್ನು ಬರೆದು, ಆಮೇಲೆ ತೆರೆದು ನೋಡುವುದು.

ಹತ್ತನೇ ತರಗತಿಯವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. 2025ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಒಟ್ಟು 625 ಅಂಕಗಳಿದ್ದವು. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಇವುಗಳಲ್ಲಿ ಪ್ರಥಮ ಭಾಷೆಯ 25, ಉಳಿದವುಗಳ 20 ಅಂಕಗಳು ಶಾಲೆಯಲ್ಲಿ ನಡೆಯುವ ಆಂತರಿಕ ಮೌಲ್ಯಮಾಪನದವು. ವರ್ಷದುದ್ದಕ್ಕೂ ಮಾಡುವ ಚಟುವಟಿಕೆ ಮತ್ತು ಕಿರುಪರೀಕ್ಷೆಗಳಿಂದ ಇವು ಬರುತ್ತವೆ. ಅಂದರೆ ಮಾರ್ಚ್ ತಿಂಗಳ ಪರೀಕ್ಷೆಯ ಒಂದು ಭಾಗ ಮಳೆಗಾಲದಲ್ಲಿಯೇ ಆರಂಭವಾಗಿಬಿಟ್ಟಿರುತ್ತದೆ.

ನಮಗೆ ಪ್ರತ್ಯೇಕ ಕೋಣೆ ಇಲ್ಲ, ಮೇಜು ಇಲ್ಲ ಎನ್ನುವವರು ನಿಮ್ಮಲ್ಲಿ ಅನೇಕರಿರಬಹುದು. ಒಂದೇ ಕೋಣೆಯ ಮನೆಯಲ್ಲಿ ಐದು ಜನ ಇರುವುದು ದಕ್ಷಿಣ ಬೆಂಗಳೂರಿನಲ್ಲಿ ಹೊಸ ಮಾತೇನಲ್ಲ. ಪುಸ್ತಕಗಳಿಗೆ ಒಂದು ರಟ್ಟಿನ ಪೆಟ್ಟಿಗೆ ಸಾಕು. ಎಲ್ಲವೂ ಅದರಲ್ಲಿಯೇ ಇರಬೇಕು, ರಾತ್ರಿಯೇ ಚೀಲ ಸಿದ್ಧವಾಗಬೇಕು. ಓದಲು ಶಾಂತವಾದ ಜಾಗ ಬೇಕಾದರೆ ಹತ್ತಿರದ ಸಾರ್ವಜನಿಕ ಗ್ರಂಥಾಲಯದ ಶಾಖೆಯನ್ನು ವಿಚಾರಿಸಿ. ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ತರಗತಿಯಲ್ಲಿಯೇ ಕುಳಿತುಕೊಳ್ಳಲು ಮುಖ್ಯೋಪಾಧ್ಯಾಯರ ಅನುಮತಿ ಕೇಳಬಹುದು.

ಇನ್ನು ಕೇಳುವ ಸಂಕೋಚದ ಬಗ್ಗೆ ಒಂದು ಮಾತು. 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಒಬ್ಬ ಬಡ ಹುಡುಗ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಲು, ಬಸ್ಸಿಗೆ ಹಣವಿಲ್ಲದೆ, ಸುಮಾರು 80 ಕಿಲೋಮೀಟರು ನಡೆದು ಬೆಂಗಳೂರಿಗೆ ಬಂದ. ಅವರೇ ಮುಂದೆ ಭೌತವಿಜ್ಞಾನದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ನಾಡಿಗೆ ಪರಿಚಿತರಾದ ಡಾ. ಎಚ್. ನರಸಿಂಹಯ್ಯನವರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಹುಟ್ಟುಹಾಕಿದ ಅವರು, ಪ್ರಶ್ನೆ ಕೇಳಿ ಎಂದು ಜೀವನವಿಡೀ ವಿದ್ಯಾರ್ಥಿಗಳಿಗೆ ಹೇಳುತ್ತಲೇ ಇದ್ದರು. ಅಷ್ಟು ದೂರ ನಡೆದು ಬರುವ ಕಷ್ಟ ಇಂದು ನಮಗಿಲ್ಲ. ನಮ್ಮ ಬೆಂಚಿನಿಂದ ಮೇಷ್ಟರ ಮೇಜಿನವರೆಗೆ ನಡೆದರೆ ಸಾಕು. ಆದರೆ ಈ ಹತ್ತು ಹೆಜ್ಜೆ ಇಡಲು ಎಷ್ಟೋ ಮಂದಿಗೆ ವರ್ಷವಿಡೀ ಧೈರ್ಯ ಬರುವುದಿಲ್ಲ. ಇಷ್ಟೂ ಗೊತ್ತಿಲ್ಲವೇ ಎಂದು ಗೆಳೆಯರು ನಗುತ್ತಾರೆಂಬ ಭಯ.

ಕೇಳುವುದಕ್ಕೂ ಒಂದು ರೀತಿ ಇದೆ. "ಸಾರ್, ನನಗೆ ಗಣಿತ ಬರುವುದಿಲ್ಲ" ಎಂದರೆ ಅವರು ಎಲ್ಲಿಂದ ಪ್ರಾರಂಭಿಸಬೇಕು? "ಮೇಡಂ, ಈ ಲೆಕ್ಕದ ಮೂರನೇ ಸಾಲಿನಲ್ಲಿ ಮೈನಸ್ ಹೋಗಿ ಪ್ಲಸ್ ಏಕಾಯಿತು?" ಎಂದು ಕೇಳಿ. ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ. ನಿಮ್ಮ ಬಾಕಿಯ ಪಟ್ಟಿ ಇಂಥ ಪ್ರಶ್ನೆಗಳನ್ನು ತಾನಾಗಿಯೇ ಒದಗಿಸುತ್ತದೆ.

ತಂದೆತಾಯಿಯರಲ್ಲಿಯೂ ಒಂದು ವಿನಂತಿ. ಮಗ ಅಥವಾ ಮಗಳು "ಬರುವುದಿಲ್ಲ" ಎಂಬ ಕಲಂ ತುಂಬಿಸಿ ತೋರಿಸಿದರೆ ಗದರಬೇಡಿ. ಬೈಗುಳ ಬಿದ್ದರೆ ಮುಂದಿನ ಸಲ ಆ ಕಲಂ ಖಾಲಿ ಇರುತ್ತದೆ, ಕೊರತೆ ಮಾತ್ರ ಹಾಗೆಯೇ ಇರುತ್ತದೆ. ಪಕ್ಕದ ಮನೆಯ ಮಗುವಿನ ಅಂಕದ ಮಾತೂ ಬೇಡ. ಈ ವಾರ ಆ ಪಟ್ಟಿಯಿಂದ ಯಾವುದು ಅಳಿಸಿತು ಎಂದು ಭಾನುವಾರ ಒಮ್ಮೆ ಕೇಳಿದರೆ ಸಾಕು.

ವಿದ್ಯಾರ್ಥಿ ಮಿತ್ರರೇ, ಹೊಸ ಪುಸ್ತಕಗಳಿಗೆ ಬೈಂಡು ಹಾಕುವ ಕೆಲಸ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಮರುದಿನ ಸಂಜೆ ಹಳೆಯ ಗಣಿತ ಪುಸ್ತಕವನ್ನು ತೆರೆದು ಮೊದಲ ಎರಡು ಲೆಕ್ಕಗಳನ್ನು ಮಾಡಿ ನೋಡಿ. ಬಂದರೆ ಸಂತೋಷ, ಬಾರದಿದ್ದರೆ ನಾಳೆ ಮೇಷ್ಟರನ್ನು ಕೇಳಲು ಒಂದು ಒಳ್ಳೆಯ ಪ್ರಶ್ನೆ ಸಿಕ್ಕಿತು.