ಕೂಡಿಸುವುದು ಎಂದರೇನು?

(ಮಂಚಿಕೇರಿಯಲ್ಲಿ ರಾಜ್ಯೋತ್ಸವದ ಸಂದರ್ಭದಲ್ಲಿ ಆಡಿದ ಮಾತುಗಳ ಬರಹರೂಪ)



ನವೆಂಬರ್ ಬಂತೆಂದರೆ 'ಏಕೀಕರಣ' ಎಂಬ ಪದ ಎಲ್ಲೆಡೆ ಕೇಳಿಬರುತ್ತದೆ. ವರದಿಗಾರನಾಗಿ ನಾನೂ ಅದನ್ನು ಹಲವು ಬಾರಿ ಬರೆದಿದ್ದೇನೆ. ಅದರ ಅರ್ಥವೇನೆಂದು ಯೋಚಿಸಿದ್ದು ಮಾತ್ರ ಈ ಭಾಷಣಕ್ಕೆ ಸಿದ್ಧನಾಗುವಾಗ.

ಇದು ಸಂಸ್ಕೃತದ ಪದ. 'ಏಕ' ಮತ್ತು 'ಕರಣ'ಗಳ ನಡುವೆ ಬಂದಿರುವ 'ಈ'ಕಾರ, ಮೊದಲು ಹಾಗಿಲ್ಲದ್ದು ಹಾಗಾಯಿತು ಎಂಬುದನ್ನು ಸೂಚಿಸುತ್ತದೆ. ಶುದ್ಧವಲ್ಲದ್ದನ್ನು ಶುದ್ಧ ಮಾಡಿದರೆ ಶುದ್ಧೀಕರಣ. ಒಂದಲ್ಲದ್ದನ್ನು ಒಂದು ಮಾಡಿದರೆ ಏಕೀಕರಣ. ಆದರೆ ಅದಕ್ಕಾಗಿ ದುಡಿದ ಆಲೂರು ವೆಂಕಟರಾಯರಂಥ ಹಿರಿಯರ ವಾದ ಬೇರೆ: ನಾಡು ಹಿಂದೆ ಒಂದಾಗಿತ್ತು, ಹರಿದು ಹಂಚಿಹೋಯಿತು, ಮತ್ತೆ ಸೇರಬೇಕು.

ನಮ್ಮ ಜಿಲ್ಲೆಯನ್ನೇ ನೋಡಿ. 1799ರಲ್ಲಿ ಟಿಪ್ಪು ಮಡಿದ ಬಳಿಕ ಕೆನರಾ ಜಿಲ್ಲೆ ಮದ್ರಾಸಿನ ಆಡಳಿತಕ್ಕೆ ಸೇರಿತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಎರಡೂ ಮತ್ತೆ ಒಂದೇ ರಾಜ್ಯಕ್ಕೆ ಬಂದದ್ದು 94 ವರ್ಷಗಳ ನಂತರ, 1956ರ ನವೆಂಬರ್ 1ರಂದು. ಅಂದೇ ಕಾಸರಗೋಡು ಕೇರಳದ ಪಾಲಾಯಿತು.

ಒಡೆದದ್ದನ್ನು ಸೇರಿಸುವುದಕ್ಕೆ ಕನ್ನಡದ್ದೇ ಕ್ರಿಯಾಪದವಿದೆ: ಕೂಡಿಸು. 'ಕೂಡು' ಧಾತುವಿಗೆ 'ಇಸು' ಪ್ರತ್ಯಯ ಸೇರಿ ಆದದ್ದು. ತಮಿಳು, ತೆಲುಗು, ಮಲಯಾಳಗಳಲ್ಲೂ ಈ ಧಾತು ಇದೆ. ದ್ರಾವಿಡ ಭಾಷೆಗಳ ಹಳೆಯ ಆಸ್ತಿ. ಮುರಿದ ಎಲುಬು ಕೂಡಿಕೊಳ್ಳುತ್ತದೆ. ಕೃಷ್ಣೆ, ಮಲಪ್ರಭೆಗಳು ಸೇರುವಲ್ಲಿ ಕೂಡಲಸಂಗಮವಿದೆ. ಶಾಲೆಯಲ್ಲಿ ಕೂಡುವ ಲೆಕ್ಕ, ಮನೆಯಲ್ಲಿ ಕೂಡು ಕುಟುಂಬ. ಹೊಂದಿಕೆಯಾಗದ್ದು 'ಕೂಡದು'.

ಯಕ್ಷಗಾನ ಬಲ್ಲ ನಿಮಗೆ ಕೂಡಾಟವೂ ಗೊತ್ತು. ಜೋಡಾಟದಲ್ಲಿ ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಪೈಪೋಟಿಗಿಳಿಯುತ್ತವೆ. ಕೂಡಾಟದಲ್ಲಿ ಎರಡೂ ಮೇಳಗಳ ಕಲಾವಿದರು ಒಂದೇ ರಂಗಸ್ಥಳಕ್ಕೆ ಬರುತ್ತಾರೆ. ಪ್ರಸಂಗ ಒಂದೇ. ಬೆಳಗಾದಾಗ ಯಾವ ಮೇಳವೂ ತನ್ನ ಹೆಸರು ಕಳೆದುಕೊಂಡಿರುವುದಿಲ್ಲ.

ನನಗೆ ಕಾಣುವ ವ್ಯತ್ಯಾಸ ಇಲ್ಲಿದೆ. 'ಏಕೀಕರಿಸು' ಎಂದಾಗ ಎಲ್ಲರೂ ಒಂದೇ ತೆರನಾಗಬೇಕೆಂಬ ಧ್ವನಿ ನುಸುಳಬಹುದು. 'ಕೂಡಿಸು' ಅಷ್ಟು ಕೇಳುವುದಿಲ್ಲ. ಈ ಸೀಮೆಯಲ್ಲಿ ಹವ್ಯಕ ಕನ್ನಡವಿದೆ, ಕೊಂಕಣಿಯಿದೆ, ಮರಾಠಿಯಿದೆ, ಸಿದ್ದಿಗಳ ಮನೆಮಾತಿದೆ. ಮನೆಯಲ್ಲಿ ಬೇರೆ ನುಡಿಯಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ಸಿದ್ದಿ ಮಗುವೂ ಇಂದಿನ ಹಬ್ಬಕ್ಕೆ ಸೇರಿದ್ದೇ. ಆ ಮಗು ತನ್ನ ಮಾತನ್ನು ಬಿಟ್ಟುಬಂದರೆ ಮಾತ್ರ ಕನ್ನಡದ್ದು ಎನ್ನುವುದು ಕೂಡದು.

1956ರಲ್ಲಿ ಕಾನೂನು ಪ್ರಾಂತ್ಯಗಳನ್ನು ಕೂಡಿಸಿತು. ಜನರನ್ನು ಕೂಡಿಸುವ ಕೆಲಸ ಇನ್ನೂ ಬಾಕಿಯಿದೆ. ಅದು ನಮ್ಮ ನಿಮ್ಮ ಪಾಲಿನದು.